ರೈಸ್ ಮಾಡಿದ್ದು ನಾನೇ, ಹಾಗಂತ ಬೆಟ್ ಹಾಕಲೇಬೇಕಾ?

ಬೆಳಗಾವಿಯಲ್ಲಿ ನನ್ನ ಹತ್ತಿರ ಪೋಕರ್ ಕಲಿಯಲು ಬರುವವರಲ್ಲಿ ಹೆಚ್ಚಿನವರು ತೀನ್ ಪತ್ತಿ ಆಡುತ್ತಾ ಬೆಳೆದವರು. ಎಲೆ ನೋಡದೆ ಬ್ಲೈಂಡ್ ಆಡುವುದು, ಚಾಲ್ (ಪಣ) ಏರಿಸುತ್ತಾ ಹೋಗಿ ಎದುರಿನವರು ಎಲೆ ಎಸೆದು ಏಳುವಂತೆ ಮಾಡುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಲಿಮಿಟ್ ಹೋಲ್ಡೆಮ್‌ಗೆ (ಬೆಟ್ ಎಷ್ಟು ಅನ್ನುವುದನ್ನು ಮೊದಲೇ ಗೊತ್ತುಮಾಡಿಟ್ಟ ಪೋಕರ್) ಬಂದಾಗ ಅದೇ ಅಭ್ಯಾಸ ಒಂದು ಜಾಗದಲ್ಲಿ ಅವರ ಚಿಪ್ಸ್ ಕರಗಿಸುತ್ತದೆ. ಫ್ಲಾಪ್‌ಗೆ (ಎಲ್ಲರಿಗೂ ಸೇರಿದ್ದೆಂದು ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗೆ) ಮೊದಲು ರೈಸ್ ಮಾಡಿರುತ್ತಾರೆ, ಅಂದರೆ ಬೆಟ್ ಏರಿಸಿರುತ್ತಾರೆ. ಫ್ಲಾಪ್ ಬೀಳುತ್ತದೆ, ಕೈಗೆ ಏನೂ ಕೂಡುವುದಿಲ್ಲ. ಆದರೂ ಬೆಟ್. ಎದುರಿಗೆ ಒಬ್ಬ ಇದ್ದರೂ ಬೆಟ್, ನಾಲ್ವರಿದ್ದರೂ ಬೆಟ್.

ಶಹಾಪುರದ ಬಟ್ಟೆ ವ್ಯಾಪಾರಿಯೊಬ್ಬರು ಬರುತ್ತಾರೆ. ಒಳ್ಳೆಯ ಮನುಷ್ಯ, ಲೆಕ್ಕದಲ್ಲಿ ಬಲು ಚುರುಕು. ಒಂದು ಸಂಜೆ ಅವರ ಕೈಯಲ್ಲಿ ಎಕ್ಕ ಮತ್ತು ರಾಜ, ಎದುರಿಗೆ ನಾಲ್ವರು, ಫ್ಲಾಪ್‌ನಲ್ಲಿ 9, 8, 7. ತಡಮಾಡದೆ ಬೆಟ್ ಹಾಕಿದರು. ಯಾಕೆ ಅಂತ ಕೇಳಿದೆ.

"ರೈಸ್ ನಾನ ಮಾಡೀನಲ್ರೀ ಸರ. ಈಗ ಸುಮ್ನ ಕುಂತ್ರ ನನ್ನ ಕೈಯಾಗ ಏನೂ ಇಲ್ಲಂತ ಎಲ್ಲಾರಿಗೂ ಗೊತ್ತಾಗತೈತಿ."

"ಗೊತ್ತಾಗ್ಲಿ ಬಿಡ್ರಿ ಸಾವಕಾರ್ರ. ಗೊತ್ತಾದ್ರ ಏನಾತು?"

ಈ ಪ್ರಶ್ನೆಗೆ ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಜೋಡಿಯಲ್ಲದ ಎರಡು ಎಲೆ ಹಿಡಿದು ಕೂತವರಿಗೆ ನೂರಕ್ಕೆ ಸುಮಾರು 68 ಸಲ ಫ್ಲಾಪ್‌ನಲ್ಲಿ ಜೋಡಿ ಸಿಗುವುದಿಲ್ಲ. ಅಂದರೆ ತಪ್ಪಿಹೋಗುವುದೇ ಮಾಮೂಲಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೇಳಬೇಕಾದ್ದು ಒಂದೇ: ಈಗ ಬೆಟ್ ಹಾಕಿದರೆ ಎಷ್ಟು ಜನ ಏಳಬೇಕು, ಅವರು ಏಳುತ್ತಾರಾ?

ಲೆಕ್ಕ ನಿಧಾನವಾಗಿ ನೋಡೋಣ. ಇಲ್ಲಿ ಬ್ಲೈಂಡ್ ಅಂದರೆ ಎಲೆ ಹಂಚುವ ಮೊದಲೇ ಇಬ್ಬರು ಇಡಲೇಬೇಕಾದ ಚಿಪ್ಸ್: ಸ್ಮಾಲ್ ಬ್ಲೈಂಡ್ 5, ಬಿಗ್ ಬ್ಲೈಂಡ್ 10. ನೀವು 20ಕ್ಕೆ ರೈಸ್ ಮಾಡಿದಿರಿ, ಬಿಗ್ ಬ್ಲೈಂಡ್ ಇಟ್ಟವನೊಬ್ಬನೇ ಬಂದ. ಪಾಟ್‌ನಲ್ಲಿ (ಗೆದ್ದವನಿಗೆ ಸೇರುವ ಚಿಪ್ಸ್ ರಾಶಿಯಲ್ಲಿ) 45 ಇದೆ: ನಿಮ್ಮ 20, ಅವನ 20, ಎದ್ದುಹೋದ ಸ್ಮಾಲ್ ಬ್ಲೈಂಡ್ ಬಿಟ್ಟ 5. ಫ್ಲಾಪ್‌ನಲ್ಲಿ ಬೆಟ್ 10 ಮಾತ್ರ, ಜಾಸ್ತಿ ಹಾಕಲು ಬಿಡುವುದಿಲ್ಲ. 10 ಇಟ್ಟು 45 ಗೆಲ್ಲಲು ನೋಡುತ್ತಿದ್ದೀರಿ. 11 ಸಲ ಹೀಗೆ ಮಾಡಿ 2 ಸಲ ಅವನು ಎದ್ದರೆ 90 ಬಂತು. ಉಳಿದ 9 ಸಲ ಪೂರ್ತಿ ಸೋತರೂ ಹೋಗಿದ್ದು 90. ಅಂದರೆ ನೂರಕ್ಕೆ 18 ಸಲ ಅವನು ಎದ್ದರೂ ಸಾಕು. ಅವನಿಗೂ ನಿಮ್ಮ ಹಾಗೆಯೇ ಮೂರರಲ್ಲಿ ಎರಡು ಸಲ ಫ್ಲಾಪ್ ತಪ್ಪಿರುತ್ತದೆ ಅಲ್ವಾ? ನೂರಕ್ಕೆ 40 ಸಲ ಎಲೆ ಎಸೆಯುತ್ತಾನೆ ಅಂತಿಟ್ಟುಕೊಳ್ಳಿ. ಬೆಟ್ ಹಾಕಿ. ಎಷ್ಟೋ ಸಲ ನಿಮ್ಮ ಎಕ್ಕವೇ ಮೇಲಿರುತ್ತದೆ. ಇಲ್ಲಿ ಹಿಂಜರಿಯುವವರನ್ನು ಕಂಡರೂ ನನಗೆ ಬೇಸರವೇ, ಆದರೆ ಅಂಥವರು ಕಡಿಮೆ.

ಈಗ ಎದುರಿಗೆ ಇಬ್ಬರು. ಸ್ಮಾಲ್ ಬ್ಲೈಂಡ್ ಎದ್ದುಹೋಗಿದ್ದಾನೆ. ಪಾಟ್ 65. ನೂರಕ್ಕೆ 13ಕ್ಕಿಂತ ಸ್ವಲ್ಪ ಜಾಸ್ತಿ ಸಲ ಇಬ್ಬರೂ ಏಳಬೇಕು. ಒಬ್ಬೊಬ್ಬರೂ 40 ಸಲ ಏಳುವವರಾದರೆ ಇಬ್ಬರೂ ಒಟ್ಟಿಗೆ ಏಳುವುದು 16 ಸಲ. ಕೂದಲೆಳೆಯಲ್ಲಿ ಲಾಭ. 30 ಸಲ ಏಳುವವರಾದರೆ ಅದು 9ಕ್ಕೆ ಇಳಿಯುತ್ತದೆ, ನಷ್ಟ. ಇಲ್ಲಿ ಕೂತವರನ್ನು ನೋಡಿಯೇ ನಿರ್ಧಾರ ಮಾಡಬೇಕು.

ಎದುರಿಗೆ ನಾಲ್ವರು. ಸ್ಮಾಲ್ ಬ್ಲೈಂಡ್ ಕೂಡ ಉಳಿದಿದ್ದಾನೆ. ಪಾಟ್ 100. ನೂರಕ್ಕೆ 9 ಸಲ ನಾಲ್ವರೂ ಎದ್ದರೆ ಸಾಕು. ನಮ್ಮವರು ಮೋಸಹೋಗುವುದು ಇಲ್ಲೇ. "ಪಾಟ್ ನೂರೈತಿ, ಇಡೂದು ಹತ್ತ" ಅನ್ನುತ್ತಾರೆ. ಒಬ್ಬೊಬ್ಬರು 40 ಸಲ ಏಳುವವರಾದರೆ ನಾಲ್ವರೂ ಒಟ್ಟಿಗೆ ಏಳುವುದು ನೂರಕ್ಕೆ ಎರಡೂವರೆ ಸಲ. ಒಬ್ಬೊಬ್ಬರೂ ಅರ್ಧಕ್ಕರ್ಧ ಸಲ ಏಳುವಷ್ಟು ಪುಕ್ಕಲರು ಅಂದುಕೊಂಡರೂ 6 ಸಲ ಆಗುತ್ತದೆ, 9 ಆಗುವುದಿಲ್ಲ. ಜನ ಹೆಚ್ಚಿದಂತೆ ಪಾಟ್ ನಿಧಾನಕ್ಕೆ ಬೆಳೆಯುತ್ತದೆ, ಎಲ್ಲರೂ ಏಳುವ ಸಾಧ್ಯತೆ ಮಾತ್ರ ದಬಕ್ಕನೆ ಬೀಳುತ್ತದೆ. ಒಂದು ಕೂಡುವ ಲೆಕ್ಕ, ಇನ್ನೊಂದು ಗುಣಿಸುವ ಲೆಕ್ಕ. ಬಡ್ಡಿಯನ್ನು ಬಾಯಲ್ಲೇ ಹೇಳುವ ವ್ಯಾಪಾರಿಗಳಿಗೂ ಇದು ಯಾಕೆ ತಲೆಗೆ ಹೋಗಲ್ಲ ಅಂತ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೊಂದು ಮಾತು. ದೊಡ್ಡ ಪಾಟ್ ನಿಮಗೆ ಕಂಡ ಹಾಗೆ ಅವರಿಗೂ ಕಾಣುತ್ತದೆ. ನೀವು 10 ಇಟ್ಟ ಮೇಲೆ ಅವರಿಗೆ 110 ಗೆಲ್ಲಲು 10 ಸಾಕು. ಸಣ್ಣ ಜೋಡಿ ಇದ್ದವನು ಯಾಕೆ ಏಳುತ್ತಾನೆ? ಮದುವೆ ಪಂಕ್ತಿಯಲ್ಲಿ ಊಟ ಬಡಿಸಿದ ಮೇಲೆ ಕೂತವರನ್ನು ಏಳಿ ಅಂದ ಹಾಗೆ ಅದು. ತೀನ್ ಪತ್ತಿಯಲ್ಲಾದರೆ ಚಾಲ್ ಏರಿಸುತ್ತಾ ಹೋಗಿ ಹೆದರಿಸಬಹುದು. ಲಿಮಿಟ್‌ನಲ್ಲಿ ಹೆದರಿಸುವ ಅಳತೆ ಮೊದಲೇ ಗೊತ್ತುಮಾಡಿಟ್ಟಿದೆ.

ಓದಿಕೊಂಡ ಹುಡುಗರು ಕಂಪ್ಯೂಟರ್ ಮಾತು ತೆಗೆಯುತ್ತಾರೆ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಸೆಫಿಯಸ್ ಎಂಬ ಪ್ರೋಗ್ರಾಂನಿಂದ ಲಿಮಿಟ್ ಹೋಲ್ಡೆಮ್ ಅನ್ನು ಬಹುಮಟ್ಟಿಗೆ ಬಿಡಿಸಿದ್ದು ನಿಜ, ದೊಡ್ಡ ಸಾಧನೆ. ಆದರೆ ಬಿಡಿಸಿದ್ದು ಇಬ್ಬರು ಆಡುವ ಆಟವನ್ನು. ಅಲ್ಲಿ ಕಂಡ ಬೆಟ್‌ಗಳನ್ನು ಐದು ಜನರ ಪಾಟ್‌ಗೆ ತಂದು ಹಾಕಬೇಡಿ ತಮ್ಮಾ, ಅಂತ ಹೇಳುತ್ತಲೇ ಇರುತ್ತೇನೆ.

ಹಾಗಂತ ನಾಲ್ವರಿದ್ದಾಗ ಎಂದೂ ಬೆಟ್ ಹಾಕಬಾರದು ಅಂತ ನಾನು ಬರೆದುಕೊಡುವುದಿಲ್ಲ. ಫ್ಲಷ್‌ಗೆ (ಒಂದೇ ಜಾತಿಯ ಐದು ಎಲೆಗೆ) ಇನ್ನೊಂದೇ ಎಲೆ ಬೇಕಿದ್ದರೆ ಅದು ತಪ್ಪಿದ ಫ್ಲಾಪ್ ಅಲ್ಲ, ಅದರ ಲೆಕ್ಕ ಬೇರೆ. ಒಬ್ಬನೇ ಇದ್ದರೂ ಅವನು ಏನೇ ಆದರೂ ಎಲೆ ಎಸೆಯದವನಾದರೆ ನನ್ನ 40 ಅವನಿಗೆ ಹೊಂದಲ್ಲ. ರಾಜ, 7, 2 ಬಿದ್ದ ಫ್ಲಾಪ್‌ನಲ್ಲಿ ಜನ ಏಳುತ್ತಾರೆ. 9, 8, 7ರಲ್ಲಿ ಏಳಲ್ಲ, ಎಲ್ಲರಿಗೂ ಏನಾದರೊಂದು ಅಂಟಿಕೊಂಡಿರುತ್ತದೆ. ನಮ್ಮ ಸಾವಕಾರರಿಗೆ ಅಲ್ಲಿ ಎಕ್ಕ ಬಂದಿದ್ದರೂ 10 ಮತ್ತು ಗುಲಾಮ ಹಿಡಿದವನು ಸ್ಟ್ರೇಟ್ (ಸಾಲಾದ ಐದು ಎಲೆ) ಕಟ್ಟಿ ಕೂತಿರಬಹುದಿತ್ತು. ಚೋರ್ಲಾ ಘಾಟ್ ಇಳಿದು ಪಣಜಿಯ ಕ್ಯಾಸಿನೊಗಳಿಗೆ ಹೋಗುವವರೂ ಗಮನಿಸಿ: ನೋ-ಲಿಮಿಟ್ ಟೇಬಲ್‌ನಲ್ಲಿ ಬೆಟ್ ಎಷ್ಟು ಅನ್ನುವುದು ಆಡುವವರ ಕೈಯಲ್ಲಿದೆ, ಈ ಅಂಕಿಗಳು ಅಲ್ಲಿ ಹೀಗೇ ನಿಲ್ಲುವುದಿಲ್ಲ. ನಮ್ಮಲ್ಲಿ ಆಡುವುದು ಬರೀ ಚಿಪ್ಸ್ ಇಟ್ಟು. ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡಿಸುವುದನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ, ಅದರ ಹತ್ತಿರ ಹೋಗಬೇಡಿ.

ಕೊನೆಯ ಸರದಿ ನಿಮ್ಮದಾಗಿ ಎಲ್ಲರೂ ಚೆಕ್ ಮಾಡಿದ್ದರೆ (ಬೆಟ್ ಹಾಕದೆ ಸರದಿ ದಾಟಿಸಿದ್ದರೆ), ನೀವೂ ಚೆಕ್ ಮಾಡಿ ಟರ್ನ್ ಎಲೆಯನ್ನು (ಮೇಜಿನ ನಾಲ್ಕನೆಯ ಎಲೆ) ಪುಕ್ಕಟೆ ನೋಡಬಹುದು. ಎಕ್ಕ-ರಾಜಕ್ಕೆ ಕೂಡುವ ಎಲೆಗಳು ಆರು, ಕಾಣದ ಎಲೆಗಳು 47. ಸುಮಾರು ಎಂಟು ಸಲದಲ್ಲಿ ಒಂದು ಸಲ ಸಿಗುತ್ತದೆ. ಬೆಟ್ ಹಾಕಿ ರೈಸ್ ತಿಂದರೆ ಅದೇ ಪುಕ್ಕಟೆ ಎಲೆಗೆ ಎರಡು ಬೆಟ್ ತೆತ್ತ ಹಾಗಾಯಿತು.

ಒಬ್ಬನೇ ಇದ್ದಾಗ ಬೆಟ್ ಹಾಕಿ ಅವನು ಕಾಲ್ ಮಾಡಿದರೆ (ತಾನೂ ಅಷ್ಟೇ ಇಟ್ಟು ಉಳಿದರೆ) ಲೆಕ್ಕ ಹೊಸದಾಗಿ ಶುರು ಮಾಡಿ. ಟರ್ನ್‌ನಲ್ಲಿ ಬೆಟ್ 20, ಪಾಟ್ 65. ಈಗ ನೂರಕ್ಕೆ 18 ಸಾಲದು, ಹತ್ತಿರಹತ್ತಿರ 24 ಸಲ ಅವನು ಏಳಬೇಕು. ಅದೂ ಒಮ್ಮೆ ಏಳಲ್ಲ ಅಂತ ತೋರಿಸಿದವನು. ಅವನು ಟರ್ನ್‌ನಲ್ಲಿ ಎಲೆ ಎಸೆದದ್ದನ್ನು ನೀವು ಮೊದಲು ನೋಡಿದ್ದರೆ ಇನ್ನೊಮ್ಮೆ ಹಾಕಿ. ನೋಡಿಲ್ಲದಿದ್ದರೆ ಚೆಕ್ ಮಾಡಿ.