ಕಾಲೆತ್ತುವ ಯೋಚನೆಯನ್ನು ಓದುವ ಯಂತ್ರ: ಎಂಎಸ್ ರೋಗಿಗಳ ಬಳಿಗೆ ತಡವಾಗಿ ಬಂದಿದ್ದೇಕೆ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವ ಅನೇಕರಿಗೆ ನಡೆಯುವಾಗ ಪಾದದ ಮುಂಭಾಗ ಮೇಲೇಳುವುದಿಲ್ಲ. ಹೊಸ್ತಿಲಿಗೆ ಬೆರಳು ತಗಲುತ್ತದೆ, ಚಪ್ಪಲಿ ಕಳಚಿಕೊಳ್ಳುತ್ತದೆ. ತೊಂದರೆ ಶುರುವಾಗುವುದು ಕಾಲಿನಲ್ಲಲ್ಲ. ಮೆದುಳು ಕಳಿಸಿದ ಸಂದೇಶ ಅಲ್ಲಿಗೆ ಸರಿಯಾಗಿ ತಲುಪುತ್ತಿಲ್ಲ.

ಪ್ಯಾರಿಸ್ಸಿನ ವೈದ್ಯ ಶಾರ್ಕೊ ಈ ಕಾಯಿಲೆಯನ್ನು 1868ರಲ್ಲೇ ವಿವರಿಸಿದ್ದರು. ನರಗಳಿಗೆ ಮಯಲಿನ್ ಎಂಬ ಹೊದಿಕೆ ಇರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಅದನ್ನು ಅಲ್ಲಲ್ಲಿ ಕೆಡಿಸುತ್ತದೆ. ಆಗ ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಎಂಬ ಎಂಎಸ್ ಔಷಧಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಇನ್ನೂ ಒಳ್ಳೆಯ ಔಷಧಿಗಳು ಬಂದವು. ಆದರೆ ಇವೆಲ್ಲ ಮುಖ್ಯವಾಗಿ ಮುಂದಿನ ಹಾನಿಯನ್ನು ತಗ್ಗಿಸುತ್ತವೆ. ಆಗಲೇ ಕುಂದಿದ ನಡಿಗೆಗೆ ಮುಖ್ಯ ಆಸರೆ ಫಿಸಿಯೋಥೆರಪಿ.

ಇನ್ನೊಂದು ದಾರಿ ಬೇರೆ ಕಡೆ ತೆರೆದುಕೊಳ್ಳುತ್ತಿತ್ತು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಮೇಲಿಂದಲೇ ದಾಖಲಿಸಿದರು. ಅದೇ ಇಇಜಿ. 1973ರಲ್ಲಿ ಲಾಸ್ ಏಂಜಲೀಸ್‌ನ ಜಾಕ್ ವಿಡಾಲ್ ಈ ಅಲೆಗಳಿಂದ ಕಂಪ್ಯೂಟರ್ ನಡೆಸಬಹುದೇ ಎಂದು ಕೇಳಿ, ಅದನ್ನು ಬ್ರೇನ್-ಕಂಪ್ಯೂಟರ್ ಇಂಟರ್‌ಫೇಸ್ ಎಂದು ಕರೆದರು. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಫುರ್ಟ್‌ಶೆಲ್ಲರ್ ತಂಡದ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕೈಕಾಲು ಆಡಿಸುವ ಮುಂಚೆ ಮೆದುಳಿನ ಒಂದು ಭಾಗದ ಅಲೆ ತಗ್ಗುತ್ತದೆ. ಸುಮ್ನೆ ಕೂತು ಆಡಿಸಿದಂತೆ ಕಲ್ಪಿಸಿಕೊಂಡರೂ ತಗ್ಗುತ್ತದೆ! ಅಂದರೆ ಕಾಲು ಏಳದಿದ್ದರೂ ಎತ್ತಬೇಕೆಂಬ ಇಚ್ಛೆ ಯಂತ್ರಕ್ಕೆ ಗೊತ್ತಾಗುತ್ತದೆ.

ಮೊದಲು ಇಂಥ ಇಂಟರ್‌ಫೇಸ್ ಬಳಸಿದ್ದು ಮಾತು, ಚಲನೆ ಬಹುತೇಕ ಪೂರ್ತಿ ನಿಂತವರಿಗೆ. 1999ರಲ್ಲಿ ಜರ್ಮನಿಯ ಬಿರ್ಬೌಮರ್ ತಂಡ ಅಂಥ ಇಬ್ಬರಿಗೆ ಮೆದುಳಿನ ಅಲೆಗಳಿಂದಲೇ ಅಕ್ಷರ ಆರಿಸುವುದನ್ನು ಕಲಿಸಿತ್ತು. ನಂತರ ಪಾರ್ಶ್ವವಾಯು ಆದವರ ಸರದಿ. 2021ರಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಅವರ ಕೈ ವ್ಯಾಯಾಮಕ್ಕೆ ಇಂಥ ಸಾಧನವೊಂದನ್ನು ಒಪ್ಪಿತು.

ಎಂಎಸ್‌ನವರು ಯಾಕೆ ಹಿಂದೆ ಉಳಿದರು? ಪಾರ್ಶ್ವವಾಯುವಿನಲ್ಲಿ ಪೆಟ್ಟು ಸಾಮಾನ್ಯವಾಗಿ ಒಂದೇ ಸಲ, ಒಂದೇ ಕಡೆ. ಎಂಎಸ್‌ನಲ್ಲಿ ಗಾಯಗಳು ಮೆದುಳು, ಬೆನ್ನುಹುರಿ ಎರಡರಲ್ಲೂ ಚದುರಿರುತ್ತವೆ, ಹೊಸವೂ ಸೇರುತ್ತವೆ. ಸುಸ್ತು ಬೇರೆ ವಿಪರೀತ. ಗಮನವಿಟ್ಟು ಕೂರುವುದೇ ದಣಿವು ತರುತ್ತದೆ. ಮೈ ಬಿಸಿಯಾದರೆ ಲಕ್ಷಣಗಳು ಜಾಸ್ತಿಯಾಗುತ್ತವೆ.

ಆದರೂ 2021ರಲ್ಲಿ ಅರ್ಜೆಂಟೀನಾದ ಸಂಶೋಧಕರು ಎಂಎಸ್ ಇರುವ ಒಂದು ಸಣ್ಣ ಗುಂಪಿನ ನಡಿಗೆಗೆ ಈ ವಿಧಾನ ಪ್ರಯೋಗಿಸಿ ಫಲಿತಾಂಶ ಪ್ರಕಟಿಸಿದರು. ಅಭ್ಯಾಸ ನಡೆಯುವುದು ಹೀಗೆ: ತಲೆಗೆ ಅಲೆ ಹಿಡಿಯುವ ಎಲೆಕ್ಟ್ರೋಡ್‌ಗಳು, ಮೊಣಕಾಲಿನ ಕೆಳಗೆ ಅಂಟಿಸಿದ ಪ್ಯಾಡ್‌ಗಳು. ಸೂಚನೆ ಬಂದಾಗ ರೋಗಿ ಪಾದ ಎತ್ತಲು ಯತ್ನಿಸುತ್ತಾರೆ. ಅಲೆ ತಗ್ಗಿದ್ದನ್ನು ಕಂಪ್ಯೂಟರ್ ಗುರುತಿಸಿದ ಕೂಡಲೇ ಪ್ಯಾಡ್‌ಗಳಿಂದ ಸಣ್ಣ ಕರೆಂಟ್ ಹರಿದು ಪಾದ ಮೇಲೇಳುತ್ತದೆ. ಇಚ್ಛೆ, ಚಲನೆ ಎರಡೂ ಒಟ್ಟೊಟ್ಟಿಗೆ ಆದರೆ ಮೆದುಳು ಉಳಿದಿರುವ ದಾರಿಗಳನ್ನು ಬಲಪಡಿಸಿಕೊಳ್ಳುತ್ತದೆ ಎಂಬುದು ನಂಬಿಕೆ. ಆ ಗುಂಪಿನಲ್ಲಿ ನಡಿಗೆಯ ವೇಗ ಹೆಚ್ಚಿತು.

ಸಂತೋಷದ ಸುದ್ದಿಯೇ. ಆದರೆ ಇದನ್ನೇ ನೆಚ್ಚಿ ಯಾರೂ ಸಾಲ ಮಾಡಿ ಯಂತ್ರದ ಹಿಂದೆ ಓಡಬಾರದು. ಕಾಲಿಗೆ ಬರೀ ಕರೆಂಟ್ ಕೊಡುವ ಸಾಧನ 1961ರಿಂದಲೂ ಇದೆ. ಅದನ್ನೂ ಅಷ್ಟೇ ಹೊತ್ತಿನ ಫಿಸಿಯೋಥೆರಪಿಯನ್ನೂ ಪಕ್ಕದಲ್ಲಿಟ್ಟು, ಹೆಚ್ಚು ಜನರಲ್ಲಿ, ತಿಂಗಳುಗಟ್ಟಲೆ ಹೋಲಿಸಿ ನೋಡಬೇಕು. ಮೆದುಳಿನ ಅಲೆ ಓದಿದ್ದರಿಂದಲೇ ಎಷ್ಟು ಲಾಭವಾಯಿತು ಎಂಬುದು ಆಗಷ್ಟೇ ತಿಳಿಯುತ್ತದೆ.