ಗಣಿತ ಒಲಿಂಪಿಯಾಡ್‌ಗೆ ಗೆಳೆಯರೊಂದಿಗೆ ಸೇರಿ ಓದಬಹುದೇ?

ಪ್ರಶ್ನೆ: ನಾನು ಒಂಬತ್ತನೇ ತರಗತಿಯಲ್ಲಿದ್ದೇನೆ. ನಾವು ನಾಲ್ವರು ಗೆಳೆಯರು ಗಣಿತ ಒಲಿಂಪಿಯಾಡ್‌ನ ಮೊದಲ ಹಂತದ ಪರೀಕ್ಷೆಗೆ ತಯಾರಾಗುತ್ತಿದ್ದೇವೆ. ಭಾನುವಾರ ಒಬ್ಬರ ಮನೆಯಲ್ಲಿ ಸೇರುತ್ತೇವೆ. ‘ಗುಂಪು ಸೇರಿದರೆ ಹರಟೆಯೇ ಹೆಚ್ಚು, ಒಬ್ಬನೇ ಕುಳಿತು ಓದು’ ಎಂದು ಮನೆಯಲ್ಲಿ ಹೇಳುತ್ತಾರೆ. ಯಾವುದು ಸರಿ?

ಉತ್ತರ: ಸೇರಿ ಓದಿ. ಆದರೆ ಲೆಕ್ಕವನ್ನು ಸೇರಿ ಬಿಡಿಸಲು ಹೋಗಬೇಡಿ. ಬಿಡಿಸುವ ಕೆಲಸ ಒಬ್ಬೊಬ್ಬರದೇ ಆಗಿರಲಿ. ಬಿಡಿಸಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವ ಕೆಲಸಕ್ಕೆ ಗುಂಪು ಬೇಕು. ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಎಷ್ಟೋ ಮಕ್ಕಳು, ಅದಕ್ಕಿಂತ ಹೆಚ್ಚಾಗಿ ಅವರ ತಂದೆ ತಾಯಂದಿರು ಕೇಳುತ್ತಾರೆ. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಯ ಸ್ವರೂಪ ನೋಡೋಣ. ಮೊದಲ ಹಂತವಾದ ಐಒಕ್ಯೂಎಂನಲ್ಲಿ (ಇಂಡಿಯನ್ ಒಲಿಂಪಿಯಾಡ್ ಕ್ವಾಲಿಫೈಯರ್ ಇನ್ ಮ್ಯಾಥಮ್ಯಾಟಿಕ್ಸ್) 30 ಪ್ರಶ್ನೆಗಳು, 3 ಗಂಟೆ, 100 ಅಂಕ. ಪ್ರತಿ ಉತ್ತರವೂ 0ರಿಂದ 99ರ ಒಳಗಿನ ಒಂದು ಪೂರ್ಣಾಂಕ. ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಿದರೆ ಮುಗಿಯಿತು, ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. ಎರಡನೇ ಹಂತವಾದ ಪ್ರಾದೇಶಿಕ ಒಲಿಂಪಿಯಾಡ್‌ನಲ್ಲಿ ಆರೇ ಲೆಕ್ಕ, ಅದಕ್ಕೆ ಮೂರು ಗಂಟೆ. ಇಲ್ಲಿ ಸಂಖ್ಯೆ ಬರೆದರೆ ಸಾಲದು, ಸಾಧನೆಯನ್ನು, ಅಂದರೆ ಉತ್ತರ ಏಕೆ ಸರಿ ಎಂಬ ತರ್ಕವನ್ನು, ಪೂರ್ತಿ ಬರೆಯಬೇಕು. ಜನವರಿಯಲ್ಲಿ ನಡೆಯುವ ರಾಷ್ಟ್ರೀಯ ಒಲಿಂಪಿಯಾಡ್‌ನಲ್ಲೂ ಆರೇ ಲೆಕ್ಕ, ಸಮಯ ಇನ್ನೂ ದೀರ್ಘ. ಅದನ್ನೂ ದಾಟಿದವರು ತರಬೇತಿ ಶಿಬಿರಕ್ಕೆ ಹೋಗುತ್ತಾರೆ. ಅಲ್ಲಿಂದ ಆರು ಜನರ ಭಾರತ ತಂಡ ಆಯ್ಕೆಯಾಗುತ್ತದೆ. 2024ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನಕ್ಕೆ ಏರಿದ್ದು ಇಂಥದ್ದೇ ಒಂದು ತಂಡ.

ಅಂದರೆ ಈ ದಾರಿಯಲ್ಲಿ ಎರಡು ಬೇರೆ ಬೇರೆ ಶಕ್ತಿಗಳು ಬೇಕು. ಒಂದು, ಏನೂ ಹೊಳೆಯದೆ ಒಂದು ಗಂಟೆ ಹಾಳೆಯ ಮುಂದೆ ಕುಳಿತಿರುವ ತಾಳ್ಮೆ. ಇನ್ನೊಂದು, ಹೊಳೆದದ್ದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುವ ಶಿಸ್ತು. ಮೊದಲನೆಯದನ್ನು ಗುಂಪು ಕೆಡಿಸಬಲ್ಲದು, ನಿಮ್ಮ ಮನೆಯವರ ಆತಂಕ ಅಷ್ಟರ ಮಟ್ಟಿಗೆ ನಿಜ. ಎರಡನೆಯದನ್ನು ಗುಂಪಿಲ್ಲದೆ ಕಲಿಯುವುದು ಬಹಳ ಕಷ್ಟ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. 1959ರಲ್ಲಿ ರೊಮೇನಿಯಾದಲ್ಲಿ ನಡೆದ ಮೊಟ್ಟಮೊದಲ ಅಂತರರಾಷ್ಟ್ರೀಯ ಒಲಿಂಪಿಯಾಡ್‌ನ ಮೊದಲ ಲೆಕ್ಕ ಇದು. ಯಾವುದಾದರೂ ಒಂದು ಸ್ವಾಭಾವಿಕ ಸಂಖ್ಯೆ ಇಟ್ಟುಕೊಳ್ಳಿ. ಅದರ 21 ಪಟ್ಟಿಗೆ 4 ಕೂಡಿಸಿದರೆ ಅಂಶ. ಅದೇ ಸಂಖ್ಯೆಯ 14 ಪಟ್ಟಿಗೆ 3 ಕೂಡಿಸಿದರೆ ಛೇದ. ಹೀಗೆ ಬರುವ ಭಿನ್ನರಾಶಿಯನ್ನು ಎಂದಿಗೂ ಸಂಕ್ಷೇಪಿಸಲು ಆಗುವುದಿಲ್ಲ ಎಂದು ಸಾಧಿಸಿ.

ಭಾನುವಾರದ ಗುಂಪುಗಳಲ್ಲಿ ಮಕ್ಕಳ ಜೊತೆ ಕುಳಿತಾಗ ಈ ಲೆಕ್ಕವನ್ನು ಹಲವು ಸಲ ಕೊಟ್ಟಿದ್ದೇನೆ. ಹೆಚ್ಚಿನವರು ಮೊದಲು 1 ಇಟ್ಟು ನೋಡುತ್ತಾರೆ: 25/17. ಆಮೇಲೆ 2: 46/31. ಆಮೇಲೆ 3: 67/45. ಐದಾರು ಸಲ ಹೀಗೆ ಮಾಡಿ, ‘ಯಾವುದೂ ಸಂಕ್ಷೇಪವಾಗುತ್ತಿಲ್ಲ, ಹಾಗಾಗಿ ನಿಜ’ ಎಂದು ಪೆನ್ನು ಕೆಳಗಿಡುತ್ತಾರೆ. ಒಬ್ಬರೇ ಓದುವಾಗ ಇಲ್ಲಿಗೇ ನಿಂತುಬಿಡುವ ಅಪಾಯವಿದೆ, ಏಕೆಂದರೆ ಮನಸ್ಸಿಗೆ ಒಪ್ಪಿಗೆಯಾಗಿಬಿಟ್ಟಿರುತ್ತದೆ. ಪಕ್ಕದಲ್ಲಿ ಕುಳಿತವಳು ‘ಸಾವಿರ ಇಟ್ಟರೆ?’ ಎಂದು ಕೇಳಿದಾಗ ಮಾತ್ರ ಅದು ಅಲುಗಾಡುತ್ತದೆ. ಸಾವಿರಕ್ಕೂ ಮಾಡಿ ತೋರಿಸಿದರೆ ‘ಸಾವಿರದ ಒಂದಕ್ಕೆ?’ ಎನ್ನುತ್ತಾಳೆ. ಅವಳು ಕಿರಿಕಿರಿ ಮಾಡುತ್ತಿಲ್ಲ, ಪರೀಕ್ಷಕರು ಕೇಳಬೇಕಾದ್ದನ್ನೇ ಕೇಳುತ್ತಿದ್ದಾಳೆ.

ಆ ಪ್ರಶ್ನೆಗೆ ಎಷ್ಟು ತೂಕವಿದೆ ಎಂಬುದಕ್ಕೆ ಹದಿನೆಂಟನೇ ಶತಮಾನದ ಗಣಿತಜ್ಞ ಆಯ್ಲರನ ಕಾಲದ ಒಂದು ಉದಾಹರಣೆ ಹೇಳುತ್ತೇನೆ. ಒಂದು ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ 41 ಕೂಡಿಸಿ. 1ಕ್ಕೆ 43, 2ಕ್ಕೆ 47, 3ಕ್ಕೆ 53, ಎಲ್ಲವೂ ಅವಿಭಾಜ್ಯ. ಹೀಗೇ 39ರವರೆಗೆ ಒಂದೂ ತಪ್ಪುವುದಿಲ್ಲ. 40ಕ್ಕೆ ಬಂದಾಗ 41ನ್ನು 41ರಿಂದ ಗುಣಿಸಿದ ಸಂಖ್ಯೆ ಬಂದು ನಿಲ್ಲುತ್ತದೆ. ಮೂವತ್ತೊಂಬತ್ತು ಸಾಕ್ಷಿಗಳು ಒಂದೇ ಮಾತು ಹೇಳಿದರೂ ಗಣಿತದಲ್ಲಿ ತೀರ್ಪು ಬರೆಯುವಂತಿಲ್ಲ.

ಇನ್ನು ರೊಮೇನಿಯಾದ ಲೆಕ್ಕ. ಅಂಶದ ಎರಡರಷ್ಟು ತೆಗೆದುಕೊಂಡರೆ ಸಂಖ್ಯೆಯ 42 ಪಟ್ಟು ಮತ್ತು 8. ಛೇದದ ಮೂರರಷ್ಟು ತೆಗೆದುಕೊಂಡರೆ ಸಂಖ್ಯೆಯ 42 ಪಟ್ಟು ಮತ್ತು 9. ಎರಡರ ವ್ಯತ್ಯಾಸ 1. ಅಂಶ, ಛೇದ ಎರಡನ್ನೂ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ ಯಾವುದೇ ಇರಲಿ, ಅದು ಈ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಒಂದನ್ನು ಭಾಗಿಸುವ ಧನ ಪೂರ್ಣಾಂಕ ಒಂದೇ. ಇಷ್ಟೇ. ಹತ್ತನೇ ತರಗತಿಯ ಪಠ್ಯದಲ್ಲಿರುವ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಬಿಟ್ಟು ಇದಕ್ಕೆ ಬೇರೇನೂ ಬೇಡ.

ಈಗ ಗುಂಪು ಕೆಡುವ ಬಗೆಯನ್ನೂ ಹೇಳಬೇಕು, ಏಕೆಂದರೆ ಅದನ್ನು ನಾನೇ ಆಗಗೊಟ್ಟಿದ್ದೇನೆ. ಒಂದು ಗುಂಪಿನಲ್ಲಿ ತುಂಬ ಚುರುಕಾದ ಹುಡುಗನೊಬ್ಬ ಇದ್ದ. ಲೆಕ್ಕ ಓದಿ ಮುಗಿಸುವುದರೊಳಗೆ ‘ಎರಡರಿಂದ ಗುಣಿಸಿ, ಮೂರರಿಂದ ಗುಣಿಸಿ, ಕಳೆಯಿರಿ’ ಎಂದುಬಿಡುತ್ತಿದ್ದ. ಉಳಿದವರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಎರಡು ತಿಂಗಳು ಎಲ್ಲವೂ ಸರಾಗವಾಗಿ ನಡೆಯುತ್ತಿದೆ ಎಂದೇ ಭಾವಿಸಿದ್ದೆ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಪ್ರತ್ಯೇಕವಾಗಿ ಕೂರಿಸಿ ಬರೆಸಿದಾಗ ಮೂವರ ಹಾಳೆಗಳು ಬಹುತೇಕ ಖಾಲಿ. ಅವರು ಲೆಕ್ಕ ಬಿಡಿಸುವುದನ್ನು ನೋಡಿದ್ದರು, ಬಿಡಿಸಿರಲಿಲ್ಲ. ಒಗಟಿನ ಉತ್ತರ ಕೇಳಿದವನು ಅದನ್ನು ಮತ್ತೆ ಒಡೆಯಲಾರ. ಒಂದೊಂದು ಭಾನುವಾರವೂ ಅವರಿಂದ ಐದಾರು ಒಳ್ಳೆಯ ಲೆಕ್ಕಗಳನ್ನು ಹಾಗೆ ಕಸಿದುಕೊಂಡಿದ್ದೆವು. ಆ ಚುರುಕು ಹುಡುಗನಿಗೂ ಲಾಭವಾಗಿರಲಿಲ್ಲ. ಉತ್ತರ ಹೇಳುತ್ತಿದ್ದ ಅವನನ್ನು ‘ಏಕೆ?’ ಎಂದು ಯಾರೂ ಕೇಳದೆ, ಅವನ ಬರಹದಲ್ಲಿ ಅರ್ಧದಷ್ಟು ಹೆಜ್ಜೆಗಳೇ ಇರುತ್ತಿರಲಿಲ್ಲ.

ಆಮೇಲೆ ಕ್ರಮ ಬದಲಿಸಿದೆವು. ನಾಲ್ಕು ಲೆಕ್ಕಗಳು ಸೋಮವಾರವೇ ಎಲ್ಲರ ಕೈ ಸೇರುತ್ತಿದ್ದವು. ಭಾನುವಾರದವರೆಗೆ ಅವುಗಳ ಬಗ್ಗೆ ಯಾರೂ ಬಾಯಿ ಬಿಡುವಂತಿರಲಿಲ್ಲ, ಮೊಬೈಲ್‌ನಲ್ಲೂ ಇಲ್ಲ. ಸೇರಿದ ದಿನ ಮೊದಲ ಮಾತು ಬಿಡಿಸಲಾಗದವರದು: ಎಲ್ಲಿಯವರೆಗೆ ಬಂದೆ, ಏನೇನು ಪ್ರಯತ್ನಿಸಿದೆ, ಯಾವ ಹೆಜ್ಜೆಯಲ್ಲಿ ಸಿಕ್ಕಿಬಿದ್ದೆ. ಇದನ್ನು ಸ್ಪಷ್ಟವಾಗಿ ಹೇಳುವಷ್ಟರಲ್ಲೇ ಎಷ್ಟೋ ಸಲ ಹೇಳುತ್ತಿದ್ದವರಿಗೆ ದಾರಿ ಕಾಣುತ್ತಿತ್ತು. ಕಾಣದಿದ್ದರೆ ಬಿಡಿಸಿದವರು ಒಂದು ಸುಳಿವು ಕೊಡಬಹುದು, ಅದೂ ಪ್ರಶ್ನೆಯ ರೂಪದಲ್ಲಿ: ‘ಅಂಶವನ್ನೂ ಛೇದವನ್ನೂ ಹೇಗೆ ಸೇರಿಸಿದರೆ ನಿನ್ನ ಸಂಖ್ಯೆ ಮಾಯವಾಗುತ್ತದೆ?’ ಕೊನೆಗೆ ಪ್ರತಿಯೊಬ್ಬರೂ ಮನೆಗೆ ಹೋಗಿ ಸಾಧನೆಯನ್ನು ಪುಸ್ತಕ ಮುಚ್ಚಿಟ್ಟು ಬರೆಯಬೇಕು. ಮುಂದಿನ ವಾರ ಹಾಳೆಗಳನ್ನು ಅದಲುಬದಲು ಮಾಡಿಕೊಂಡು, ಅಂತರರಾಷ್ಟ್ರೀಯ ಪದ್ಧತಿಯಂತೆ ಏಳಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಗೆಳೆಯನ ಹಾಳೆಗೆ ಏಳರಲ್ಲಿ ಐದು ಕೊಟ್ಟು ಕಾರಣ ಹೇಳಬೇಕಾಗಿ ಬಂದ ಮೇಲೆ ಮಕ್ಕಳ ಬರವಣಿಗೆ ಬದಲಾದದ್ದನ್ನು ಕಣ್ಣಾರೆ ನೋಡಿದ್ದೇನೆ.

‘ದೊಡ್ಡ ಗಣಿತಜ್ಞರು ಸೇರಿಯೇ ಲೆಕ್ಕ ಬಿಡಿಸುವುದಿಲ್ಲವೇ?’ ಎಂದು ನೀವು ಕೇಳಬಹುದು. ಬಿಡಿಸುತ್ತಾರೆ. 2009ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ನಡೆದ ಒಲಿಂಪಿಯಾಡ್‌ನ ಆರನೇ ಲೆಕ್ಕದಲ್ಲಿ ಒಂದು ಮಿಡತೆ ಇತ್ತು. ಅದು ಸಂಖ್ಯಾರೇಖೆಯ ಮೇಲೆ ಸೊನ್ನೆಯಿಂದ ಬಲಕ್ಕೆ, ಬೇರೆ ಬೇರೆ ಉದ್ದದ ಜಿಗಿತಗಳನ್ನು ಒಂದೊಂದು ಸಲ ಜಿಗಿಯುತ್ತದೆ. ಜಿಗಿತಗಳು ಎಷ್ಟಿವೆಯೋ ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯ ಗೊತ್ತಾದ ಜಾಗಗಳಲ್ಲಿ ಅದು ಕಾಲಿಡಬಾರದು; ಕೊನೆಗೆ ತಲುಪುವ ಜಾಗ ಅವುಗಳಲ್ಲಿ ಸೇರಿಲ್ಲ. ಜಿಗಿತಗಳನ್ನು ಸರಿಯಾದ ಕ್ರಮದಲ್ಲಿ ಇಟ್ಟರೆ ಅದು ಯಾವಾಗಲೂ ತಪ್ಪಿಸಿಕೊಳ್ಳಬಲ್ಲದು ಎಂದು ಸಾಧಿಸಬೇಕು. 565 ಸ್ಪರ್ಧಿಗಳಲ್ಲಿ ಪೂರ್ಣ ಅಂಕ ಪಡೆದವರು ಮೂವರು. ಅದೇ ತಿಂಗಳು ಗಣಿತಜ್ಞ ಟೆರೆನ್ಸ್ ಟಾವ್ ಅದೇ ಲೆಕ್ಕವನ್ನು ಅಂತರಜಾಲದಲ್ಲಿ ಎಲ್ಲರ ಮುಂದಿಟ್ಟು, ಸೇರಿ ಬಿಡಿಸೋಣ ಎಂದು ಕರೆದರು. ಅನೇಕರು ತುಣುಕು ತುಣುಕಾಗಿ ಯೋಚನೆಗಳನ್ನು ಸೇರಿಸಿ ಅದನ್ನು ಬಿಡಿಸಿದರು. ಅದನ್ನು ಓದುವುದೇ ಒಂದು ಸಂತೋಷ. ಆದರೆ ಟಾವ್ ಹದಿಮೂರರ ವಯಸ್ಸಿನಲ್ಲೇ, 1988ರಲ್ಲಿ, ಒಲಿಂಪಿಯಾಡ್ ಚಿನ್ನ ಗೆದ್ದವರು ಎಂಬುದನ್ನು ಮರೆಯಬೇಡಿ. ಒಬ್ಬರೇ ಕುಳಿತು ಒದ್ದಾಡುವ ಅಭ್ಯಾಸ ಇದ್ದವರು ಸೇರಿದಾಗ ಆಗುವ ಕೆಲಸ ಅದು.

ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಮಾತು. ಗುಂಪಿನಲ್ಲಿ ಧಾರಾಳವಾಗಿ ಕನ್ನಡದಲ್ಲೇ ವಾದ ಮಾಡಿ. ಭಾಜಕ, ಶೇಷ, ಸಮರೂಪ ತ್ರಿಭುಜ, ಚಕ್ರೀಯ ಚತುರ್ಭುಜ ಎಂಬ ಪದಗಳಲ್ಲಿ ಯೋಚನೆ ಓಡುತ್ತದೆಯಾದರೆ ಓಡಲಿ. ಪರೀಕ್ಷೆಯ ಇಂಗ್ಲಿಷ್ ಪದಗಳು ನೂರೋ ನೂರೈವತ್ತೋ ಇರಬಹುದು, ಅವುಗಳನ್ನು ಒಂದು ತಿಂಗಳಲ್ಲಿ ರೂಢಿಸಿಕೊಳ್ಳಬಹುದು. ‘ಏಕೆ?’ ಎಂದು ನಿಸ್ಸಂಕೋಚವಾಗಿ ಕೇಳುವ ಧೈರ್ಯ ತಾಯ್ನುಡಿಯಲ್ಲಿ ಬೇಗ ಬರುತ್ತದೆ. ಕಲನಶಾಸ್ತ್ರ ಕಲಿತಿಲ್ಲವೆಂದು ಹಿಂಜರಿಯುವುದೂ ಬೇಡ, ಈ ಪರೀಕ್ಷೆಗಳಿಗೆ ಅದು ಬೇಕಿಲ್ಲ.

ಗುಂಪು ಎಷ್ಟು ದೊಡ್ಡದಿರಬೇಕು? ನಿಮ್ಮ ನಾಲ್ವರು ಸರಿಯಾದ ಸಂಖ್ಯೆ. ಆರು ದಾಟಿದರೆ ಕೆಲವರು ಪ್ರೇಕ್ಷಕರಾಗುತ್ತಾರೆ. ಊರಿನಲ್ಲಿ ಯಾರೂ ಸಿಗದಿದ್ದರೆ ಒಬ್ಬ ಜೊತೆಗಾರ ಸಾಕು. ಅವನಿಗೆ ಒಲಿಂಪಿಯಾಡ್ ಆಸಕ್ತಿ ಇಲ್ಲದಿದ್ದರೂ ಅಡ್ಡಿಯಿಲ್ಲ, ಅರ್ಥವಾಗದಿದ್ದಾಗ ಅರ್ಥವಾಗಲಿಲ್ಲ ಎಂದು ಹೇಳುವವನಾಗಿದ್ದರೆ ಆಯಿತು.

ನಿಮ್ಮ ಮುಂದಿನ ಭಾನುವಾರಕ್ಕೆ ಒಂದು ಲೆಕ್ಕ ಕೊಡುತ್ತೇನೆ. 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ನಿಮಗಿಷ್ಟ ಬಂದ 51ನ್ನು ಆರಿಸಿ. ಹೇಗೆ ಆರಿಸಿದರೂ ಅವುಗಳಲ್ಲಿ ಒಂದು ಇನ್ನೊಂದನ್ನು ನಿಶ್ಶೇಷವಾಗಿ ಭಾಗಿಸುವ ಜೋಡಿಯೊಂದು ಇದ್ದೇ ಇರುತ್ತದೆ ಎಂದು ಸಾಧಿಸಿ. 50 ಆರಿಸಿದರೆ ಏಕೆ ಸಾಲದು ಎಂಬುದನ್ನೂ ತೋರಿಸಿ. ನಾಲ್ವರೂ ಬೇರೆ ಬೇರೆ ಕುಳಿತು ಬರೆಯಿರಿ. ಶನಿವಾರ ರಾತ್ರಿಯವರೆಗೆ ಒಬ್ಬರಿಗೊಬ್ಬರು ಏನನ್ನೂ ಹೇಳಬೇಡಿ.