ಹಾಸನದ ಹೃದಯಾಘಾತಗಳು: ಎಣಿಸಿದ್ದು ಯಾರನ್ನು?

2025ರ ಜೂನ್ ತಿಂಗಳಿಡೀ ಹಾಸನ ಜಿಲ್ಲೆಯ ಹೆಸರು ಸುದ್ದಿವಾಹಿನಿಗಳಲ್ಲಿ ಒಂದೇ ಕಾರಣಕ್ಕೆ ಕೇಳಿಬಂತು. ಇವತ್ತು ಈ ತಾಲ್ಲೂಕಿನಲ್ಲಿ ಒಬ್ಬರು, ನಾಳೆ ಆ ತಾಲ್ಲೂಕಿನಲ್ಲಿ ಇನ್ನೊಬ್ಬರು, ಅದರಲ್ಲೂ ಹಲವರು ಎಳೆಯ ಪ್ರಾಯದವರು. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತ ಎಂಬ ಲೆಕ್ಕ ದಿನದಿನವೂ ಪರದೆಯ ಮೇಲೆ ಏರುತ್ತಿತ್ತು. ಜುಲೈ ಹೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸರತಿಯಲ್ಲಿ ನಿಂತರು. ಯಾವ ನೋವೂ ಇಲ್ಲದವರು ಇಸಿಜಿಗೆ ಬಂದರು. ಎದೆಯಲ್ಲಿ ಸಣ್ಣದೊಂದು ಚಳಕು ಬಂದರೂ ರಾತ್ರಿಯಿಡೀ ಎಚ್ಚರವಿದ್ದವರು ನಮ್ಮ ಕೇರಿಗಳಲ್ಲೇ ಇದ್ದರು.

ಆ ಹೆದರಿಕೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಇಪ್ಪತ್ತೈದರ ಹುಡುಗ ಕುಸಿದು ಸತ್ತ ಮನೆಯ ಮುಂದೆ ಅಂಕಿಅಂಶ ಹೇಳಲು ನಿಲ್ಲುವುದು ಕ್ರೌರ್ಯ. ಆದರೆ ಆ ಮನೆಯ ದುಃಖ ಬೇರೆ, ಜಿಲ್ಲೆಯಲ್ಲಿ ಹೊಸದೊಂದು ಮಾರಿ ಹೊಕ್ಕಿದೆ ಎಂಬ ತೀರ್ಮಾನ ಬೇರೆ. ಎರಡನೆಯದಕ್ಕೆ ಪುರಾವೆ ಬೇಕು. ಪುರಾವೆಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಸರಳವಾದದ್ದು: ಸಾಮಾನ್ಯ ದಿನಗಳಲ್ಲಿ ಇಲ್ಲಿ ಎಷ್ಟು ಜನ ಹೀಗೆ ಸಾಯುತ್ತಾರೆ?

ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ತೀರಿಕೊಳ್ಳುತ್ತಾರೆ. ಆರು ಎಂದೇ ಹಿಡಿದರೂ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು, ದಿನಕ್ಕೆ ಸುಮಾರು 29 ಸಾವು. ಭಾರತದ ಒಟ್ಟು ಸಾವುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವಕ್ಕೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಕಾರಣ. ಪಾರ್ಶ್ವವಾಯುವೂ ಇದರಲ್ಲಿ ಸೇರಿದೆ. ಹಾಗಿದ್ದರೆ ಯಾವ ಸುದ್ದಿಯೂ ಇಲ್ಲದ ನಲವತ್ತು ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಂಥ ಸಾವುಗಳು ಮುನ್ನೂರರ ಆಸುಪಾಸು ಇರಬೇಕು.

ಟೀವಿ ಎಣಿಸಿದ್ದು ಇಪ್ಪತ್ತು ಚಿಲ್ಲರೆ. ಅಂದರೆ ಅದು ಜಿಲ್ಲೆಯ ಹೃದಯಾಘಾತಗಳ ಎಣಿಕೆಯಾಗಿರಲೇ ಇಲ್ಲ, ಸುದ್ದಿಯಾದ ಹೃದಯಾಘಾತಗಳ ಎಣಿಕೆಯಾಗಿತ್ತು. ಎಪ್ಪತ್ತರ ಹಿರಿಯರು ಹಟ್ಟಿಯಲ್ಲಿ ಕುಸಿದರೆ ಅದು ಸುದ್ದಿಯಲ್ಲ, ಕಾಲೇಜು ವಿದ್ಯಾರ್ಥಿ ಕುಸಿದರೆ ಸುದ್ದಿ. ಎಣಿಕೆ ಒಮ್ಮೆ ಶುರುವಾಯಿತೆಂದರೆ ಹಿಂದೆ ಊರಿನಾಚೆಗೆ ಹೋಗದಿದ್ದ ಸಾವಿನ ಸುದ್ದಿಯೂ ವರದಿಗಾರರ ಮೊಬೈಲಿಗೆ ತಲುಪುತ್ತದೆ. ಹೀಗೆ ಸಾವುಗಳು ಹೆಚ್ಚದೆಯೂ ಪಟ್ಟಿ ಬೆಳೆಯುತ್ತದೆ. ಈ ಮುನ್ನೂರರಲ್ಲಿ ಬಹುಪಾಲು ವಯಸ್ಸಾದವರು ಎಂಬುದು ನಿಜ. ಅದಕ್ಕೇ ಹೋಲಿಕೆ ಇರಬೇಕಾದದ್ದು ಹಿಂದಿನ ವರ್ಷಗಳ ಇದೇ ತಿಂಗಳಲ್ಲಿ ಸತ್ತ ಕಿರಿಯರ ಸಂಖ್ಯೆಯೊಂದಿಗೆ. ಆ ಸಂಖ್ಯೆಯನ್ನು ಪರದೆಯ ಮೇಲೆ ಯಾರೂ ತೋರಿಸಲಿಲ್ಲ.

ಒಂದೇ ದಿನ ಮೂರು ಸಾವು ಎಂಬ ಸುದ್ದಿ ಬಂದಾಗ ಭಯ ಇಮ್ಮಡಿಯಾಯಿತು. ಸಾರಿಸಿದ ಅಂಗಳದಲ್ಲಿ ಒಂದು ಹಿಡಿ ರಾಗಿ ಚೆಲ್ಲಿ ನೋಡಿ: ಕಾಳುಗಳು ಸಮಾನ ಅಂತರದಲ್ಲಿ ಬೀಳುವುದಿಲ್ಲ, ಇಲ್ಲೊಂದು ಗುಂಪು, ಅಲ್ಲೊಂದು ಬರಿದು. ಒಂದಕ್ಕೊಂದು ಸಂಬಂಧವಿಲ್ಲದ ಸಾವುಗಳೂ ದಿನಗಳ ಮೇಲೆ ಹೀಗೆಯೇ ಹರಡುತ್ತವೆ. ಗುಂಪು ಕಂಡ ಮಾತ್ರಕ್ಕೆ ಅದರ ಹಿಂದೊಂದು ಸಮಾನ ಕಾರಣ ಇದ್ದೇ ಇರಬೇಕೆಂದಿಲ್ಲ.

ಕಾರಣ ಹುಡುಕುವಾಗ ಎಲ್ಲರ ಬೆರಳು ಹೋದದ್ದು ಕೋವಿಡ್ ಲಸಿಕೆಯ ಕಡೆಗೆ. ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಒಂದು ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಿದರು. ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ನಿರಾಕರಿಸಿತು. ಈ ಸಾವುಗಳ ಪರಿಶೀಲನೆಗೆ ಸರ್ಕಾರ ನೇಮಿಸಿದ್ದ, ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಡುವ ಮೊದಲೇ ಆ ಮಾತು ಹೊರಬಿದ್ದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಅಷ್ಟು ದೊಡ್ಡ ಸ್ಥಾನದಿಂದ ಬಂದ ‘ಇರಬಹುದು’ ಹಳ್ಳಿಯ ಕಟ್ಟೆ ತಲುಪುವಾಗ ‘ಅದೇ ಕಾರಣ’ ಎಂದಾಗಿರುತ್ತದೆ.

‘ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ಹೌದು, ಬದುಕಿರುವವರೂ ಬಹುತೇಕ ಹಾಕಿಸಿಕೊಂಡವರೇ. ವಯಸ್ಕರೆಲ್ಲ ಹೆಚ್ಚುಕಡಿಮೆ ಲಸಿಕೆ ಪಡೆದಿರುವ ಜಿಲ್ಲೆಯಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರೂ ಲಸಿಕೆ ಪಡೆದವರೇ ಆಗಿರುತ್ತಾರೆ. ಸತ್ತವರನ್ನು ಮಾತ್ರ ನೋಡಿದರೆ ಉತ್ತರ ಸಿಗುವುದಿಲ್ಲ, ಬದುಕಿದವರನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಮಾಡಿದ್ದು ಇದನ್ನೇ. ದೇಶದ 47 ಆಸ್ಪತ್ರೆಗಳ ಮೂಲಕ, ಆರೋಗ್ಯವಂತರಾಗಿದ್ದು ಇದ್ದಕ್ಕಿದ್ದಂತೆ ಸತ್ತ 18ರಿಂದ 45 ವರ್ಷದ 729 ಮಂದಿಯ ವಿವರ ಕಲೆಹಾಕಿದರು. ಪ್ರತಿಯೊಬ್ಬರಿಗೂ ಹೊಂದುವಂತೆ ಅದೇ ವಯೋಮಾನದ, ಅದೇ ಲಿಂಗದ, ಅದೇ ನೆರೆಹೊರೆಯ ನಾಲ್ಕು ಮಂದಿ ಬದುಕಿರುವವರನ್ನು ಹುಡುಕಿದರು; ಒಟ್ಟು 2,916. ಎರಡೂ ಗುಂಪುಗಳನ್ನು ಹೋಲಿಸಿದಾಗ ಎರಡು ಡೋಸ್ ಲಸಿಕೆ ಪಡೆದವರಲ್ಲಿ ಹಠಾತ್ ಸಾವಿನ ಸಾಧ್ಯತೆ ಕಡಿಮೆಯೇ ಇತ್ತು. ಸಾಧ್ಯತೆ ಹೆಚ್ಚಿಸಿದ್ದು ಬೇರೆ ಸಂಗತಿಗಳು: ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾಯುವ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿದ ಕುಡಿತ ಅಥವಾ ವಿಪರೀತ ದೈಹಿಕ ಶ್ರಮ.

ಲಸಿಕೆಗೆ ಅಡ್ಡಪರಿಣಾಮವೇ ಇಲ್ಲವೆಂದು ಇದರ ಅರ್ಥವಲ್ಲ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿರುವುದು ದಾಖಲಾಗಿದೆ. ಅದು ಕಾಣಿಸಿಕೊಳ್ಳುವುದು ಲಸಿಕೆ ಪಡೆದ ಕೆಲವೇ ವಾರಗಳೊಳಗೆ. ನಾಲ್ಕು ವರ್ಷಗಳ ನಂತರದ ಹೃದಯಾಘಾತವನ್ನು ಅದರ ತಲೆಗೆ ಕಟ್ಟಲಾಗದು.

ಸಮಿತಿಯ ವರದಿ ಜುಲೈಯಲ್ಲಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಮೂತ್ರಪಿಂಡದ ಕಾಯಿಲೆ, ರಸ್ತೆ ಅಪಘಾತದಂಥವೂ ಪಟ್ಟಿಯೊಳಗೆ ಸೇರಿಹೋಗಿದ್ದವು. ಉಳಿದ 20ರಲ್ಲಿಯೂ ಎಲ್ಲದಕ್ಕೂ ಖಚಿತ ದಾಖಲೆ ಇರಲಿಲ್ಲ. ಕೆಲವನ್ನು ‘ಹೃದಯಾಘಾತವಿರಬಹುದು’ ಎಂಬ ವರ್ಗದಲ್ಲಿ ಇಡಬೇಕಾಯಿತು. ಹೃದಯದ ಸಾವುಗಳು ಜಿಲ್ಲೆಯಲ್ಲಿ ಅಸಹಜವಾಗಿ ಏರಿವೆ ಎನ್ನಲು ಆಧಾರ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಶತ್ರುಗಳೇ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯ, ಬೊಜ್ಜು. ಮೃತರಲ್ಲಿ ಶೇಕಡ 30ರಷ್ಟು ಮಂದಿ ಆಟೊ, ಕ್ಯಾಬ್ ಚಾಲಕರು ಎಂಬ ಅಂಶ ನನ್ನನ್ನು ಬಹಳ ಕಾಡಿತು. ಹೊತ್ತಿಲ್ಲದ ಹೊತ್ತಿನ ಊಟ, ಕೆಟ್ಟ ನಿದ್ದೆ, ದಿನವಿಡೀ ಕುಳಿತೇ ಇರುವ ಕೆಲಸ, ನಡುನಡುವೆ ಬೀಡಿ, ಗುಟ್ಕಾ. ಇಷ್ಟು ಚಿಕ್ಕ ಸಂಖ್ಯೆಯಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ಆದರೆ ಮುಂದಿನ ವಿಚಾರಣೆ ಹೋಗಬೇಕಾದ ದಾರಿ ಇದು. ಆ ದಾರಿ ಬಿಟ್ಟು ನಾವು ಇಸಿಜಿ ಸರತಿಗೆ ಓಡಿದೆವು.

ಆ ಇಸಿಜಿಯ ವಿಷಯ. ಅದು ಹೃದಯದ ವಿದ್ಯುತ್ ಚಲನೆಯನ್ನು ಆ ಕ್ಷಣಕ್ಕೆ ದಾಖಲಿಸುವ ಪರೀಕ್ಷೆ. ಎದೆನೋವು ನಡೆಯುತ್ತಿರುವಾಗ ಮಾಡಿದರೆ ಜೀವ ಉಳಿಸಬಲ್ಲದು. ಯಾವ ತೊಂದರೆಯೂ ಇಲ್ಲದವರಲ್ಲಿ ಮಾಡಿದರೆ ನಾಳಿನ ಆಘಾತವನ್ನು ಹೇಳಲಾರದು. ರಕ್ತನಾಳದ ಒಳಗೋಡೆಯಲ್ಲಿ ಕೂತ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ ಹೃದಯಾಘಾತವಾಗುತ್ತದೆ. ಎಷ್ಟೋ ಸಲ ಬಿರಿಯುವ ಪದರ ನಾಳದ ಅರ್ಧವನ್ನೂ ಮುಚ್ಚಿರುವುದಿಲ್ಲ. ಆಗ ಹಿಂದಿನ ದಿನದ ಇಸಿಜಿಯಲ್ಲಿ ಅಸಹಜವಾದದ್ದೇನೂ ಕಂಡಿರುವುದಿಲ್ಲ. ಹೆದರಿ ಬಂದವರ ಸಾಲು ಬೆಳೆದಷ್ಟೂ ನಿಜವಾಗಿ ಎದೆ ಹಿಡಿದುಕೊಂಡು ಬಂದವರಿಗೆ ಹಾಸಿಗೆ, ವೈದ್ಯರು, ನಿಮಿಷಗಳು ಕಡಿಮೆಯಾಗುತ್ತವೆ. ಇನ್ನೊಂದೆಡೆ, ಎದೆಯ ಮಧ್ಯೆ ಭಾರ, ಎಡತೋಳಿಗೂ ದವಡೆಗೂ ಹರಿಯುವ ನೋವು, ತಣ್ಣನೆಯ ಬೆವರು ಬಂದಾಗ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವವರು ಇವತ್ತಿಗೂ ಇದ್ದಾರೆ. ಅವರು ಹೋಗಬೇಕಾದದ್ದು ದೂರದ ಮೈಸೂರಿಗಲ್ಲ, ಹತ್ತಿರದ ಆಸ್ಪತ್ರೆಗೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮೊದಲ ಗಂಟೆಗಳಲ್ಲಿ ಅದರ ಬೆಲೆ ಹೆಚ್ಚು.

ಇಷ್ಟೆಲ್ಲ ಗೊಂದಲಕ್ಕೆ ಬೇರು ಒಂದು ಕಾಗದದ ಕೊರತೆಯಲ್ಲಿದೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದು ಪ್ರಮಾಣೀಕರಿಸಿದ್ದು ಶೇಕಡ 22.5ರಷ್ಟನ್ನು ಮಾತ್ರ. ಉಳಿದವರು ಯಾವುದರಿಂದ ಸತ್ತರು ಎಂಬುದಕ್ಕೆ ನೆರೆಯವರ ಮಾತೇ ದಾಖಲೆ. ದಿಢೀರ್ ಸಾವೆಲ್ಲ ಅವರ ಬಾಯಲ್ಲಿ ‘ಹಾರ್ಟ್ ಅಟ್ಯಾಕ್’. ಅದರ ಹಿಂದಿನ ವರ್ಷ, 2024ರ ಜೂನ್‌ನಲ್ಲಿ ಹಾಸನದಲ್ಲಿ ಎಷ್ಟು ಕಿರಿಯರು ಹೃದಯಾಘಾತದಿಂದ ಸತ್ತರು ಎಂದು ಕೇಳಿದರೆ ಗಟ್ಟಿಯಾದ ಉತ್ತರ ಸಿಗದಿರುವುದು ಇದೇ ಕಾರಣಕ್ಕೆ. ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕೊಟ್ಟು, ಅದರ ಪ್ರತಿಯನ್ನು ಹತ್ತಿರದ ಸಂಬಂಧಿಗೂ ಕೊಡಬೇಕೆಂದು ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿ ಎಲ್ಲ ಆಸ್ಪತ್ರೆಗಳಿಗೆ ಕಡ್ಡಾಯ ಮಾಡಿದೆ. ಆಸ್ಪತ್ರೆಯ ಹೊರಗೆ, ವೈದ್ಯರು ಕೊನೆಯ ದಿನಗಳಲ್ಲಿ ನೋಡಿಕೊಂಡಿದ್ದವರ ಸಾವಿಗೂ 4ಎ ಎಂಬ ಪ್ರತ್ಯೇಕ ನಮೂನೆ ಇದೆ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಮರಣ ಪ್ರಮಾಣಪತ್ರದ ಜೊತೆಗೆ ಸಾವಿನ ಕಾರಣದ ಪ್ರಮಾಣಪತ್ರದ ಪ್ರತಿಯನ್ನೂ ಕೇಳಿ ಪಡೆಯುವ ಹಕ್ಕು ನಮಗಿದೆ.